ಗಾಳಿಗೋಪುರ ಕಟ್ಟುವವರು: ವಿಡಿಯೋ ಗೇಮ್‌ಗಳ ಗುಣಮಟ್ಟದ ಒಂದು ಚರಿತ್ರೆ

ಮಂಗಳಗಿರಿಯಲ್ಲಿ ಬಂದಿಳಿದ ಕನ್ನಡಿಗನಿಗೆ ಮೊದಲ ದಿನವೇ ಒಂದು ಸಣ್ಣ ಅಚ್ಚರಿ ಕಾದಿರುತ್ತದೆ. ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದ ಪೂರ್ವದ ಮಹಾದ್ವಾರವನ್ನು ಊರವರು ‘ಗಾಲಿ ಗೋಪುರಂ’ ಎನ್ನುತ್ತಾರೆ. ನಮ್ಮ ನುಡಿಯಲ್ಲಿ ಗಾಳಿಗೋಪುರವೆಂದರೆ ಕನಸಿನಲ್ಲಿ ಮಾತ್ರ ನಿಲ್ಲುವಂಥದ್ದು. ಇಲ್ಲಿ ಅದೇ ಹೆಸರಿನ ಹನ್ನೊಂದು ಅಂತಸ್ತಿನ ಗೋಪುರ ಎರಡು ಶತಮಾನಗಳಿಂದ ಕಣ್ಣೆದುರಿಗೇ ನಿಂತಿದೆ. ಇದನ್ನು 1807ರಿಂದ 1809ರ ಅವಧಿಯಲ್ಲಿ ಕಟ್ಟಿಸಿದವನು ರಾಜಾ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು. ಎತ್ತರ 153 ಅಡಿ, ಅಗಲ ಕೇವಲ 49 ಅಡಿ. ಕೃಷ್ಣದೇವರಾಯನು 1515ರಲ್ಲಿ ಕೊಂಡವೀಡನ್ನು ಗೆದ್ದ ಸಂಗತಿಯನ್ನು ಹೇಳುವ ಶಾಸನವೂ ಇದೇ ಊರಿನಲ್ಲಿರುವುದರಿಂದ, ಹೊರನಾಡಿನಲ್ಲಿದ್ದೇನೆಂಬ ಭಾವ ನಮ್ಮಂಥವರಿಗೆ ಇಲ್ಲಿ ತುಸು ಕಡಿಮೆಯೇ.

ಈ ಗೋಪುರದ ಬಗ್ಗೆ ಊರಿನಲ್ಲಿ ಒಂದು ಕಥೆಯಿದೆ. ಅಷ್ಟು ಕಿರಿದಾದ ಬುಡದ ಮೇಲೆ ಅಷ್ಟೆತ್ತರ ಎದ್ದ ಗೋಪುರ, ಕೆಲಸ ಮುಗಿದ ಮೇಲೆ ಒಂದು ಕಡೆಗೆ ವಾಲಿತಂತೆ. ಕಾಂಚೀಪುರದಿಂದ ಕರೆಸಿದ ಸ್ಥಪತಿಗಳು ನೋಡಿ, ಎದುರು ದಿಕ್ಕಿನಲ್ಲಿ ಒಂದು ಕೊಳ ತೋಡಿಸಿರೆಂದು ಸಲಹೆ ಕೊಟ್ಟರಂತೆ. ತೋಡಿಸಿದ ಮೇಲೆ ಗೋಪುರ ನೆಟ್ಟಗಾಯಿತಂತೆ.

ಸಂಕ್ರಾಂತಿಯ ರಜೆಗೆಂದು ಬಂದಿದ್ದ ನನ್ನ ಅಕ್ಕನ ಮಗನಿಗೆ ಈ ಕಥೆ ಹೇಳಿದೆ. ಅವನು ದಕ್ಷಿಣದ ಒಂದು ಮಹಾನಗರದಲ್ಲಿ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಗೋಪುರವನ್ನು ಕತ್ತೆತ್ತಿ ನೋಡಿ ನಕ್ಕು, “ಮಾವ, ಇದು ಪ್ಯಾಚ್. ಮೊದಲು ಬಿಡುಗಡೆ ಮಾಡುವುದು, ವಾಲಿದ ಮೇಲೆ ಕೊಳ ತೋಡುವುದು. ನಮ್ಮಲ್ಲೂ ಹೀಗೇ” ಎಂದ. ಸ್ವಲ್ಪ ಹೊತ್ತಿನ ಮೇಲೆ ನಗು ಅಡಗಿ ಇನ್ನೊಂದು ಮಾತು ಹೇಳಿದ. ಬಿಡುಗಡೆಗೆ ಆರು ವಾರಗಳ ಮೊದಲು ಅವನೊಂದು ದೊಡ್ಡ ದೋಷವನ್ನು ಕಂಡುಹಿಡಿದು ವರದಿ ಮಾಡಿದ್ದನಂತೆ. ದೋಷವಿರುವುದು ಗೊತ್ತಿದೆ, ಆದರೂ ಆಟ ಹೀಗೇ ಹೋಗಲಿ ಎಂಬ ಅರ್ಥದ ಮುದ್ರೆ ಹೊತ್ತು ಆ ವರದಿ ವಾಪಸು ಬಂತಂತೆ. ಆಟ ಹೊರಬಂದ ದಿನ ಲೋಕವೆಲ್ಲ ಅದೇ ದೋಷವನ್ನು ಹಿಡಿದು ಬೈಯಿತು. “ಇದನ್ನು ಪರೀಕ್ಷೆಯನ್ನೇ ಮಾಡಿಲ್ಲ ಎಂದು ಬರೆದಿದ್ದರು ಮಾವ” ಎಂದಾಗ ಅವನ ಮುಖದಲ್ಲಿ ಕಂಡದ್ದು ಅವಮಾನ.

ತಂತ್ರಾಂಶ ಕಟ್ಟುವ ಪದ್ಧತಿಗೂ ಬಿಡುಗಡೆಯ ದಿನ ಕೈಗೆ ಬರುವ ಆಟದ ಗುಣಮಟ್ಟಕ್ಕೂ ಏನು ಸಂಬಂಧ? ತಂತ್ರಜ್ಞರು ಇದನ್ನು ‘ವಾಟರ್‌ಫಾಲ್ ಮೇಲೋ ಅಜೈಲ್ ಮೇಲೋ’ ಎಂಬ ವಾದವಾಗಿ ನೋಡುತ್ತಾರೆ. ಕಳೆದ ನಾಲ್ಕು ದಶಕಗಳ ಚರಿತ್ರೆಯನ್ನು ಓದಿದ ಮೇಲೆ, ಪ್ರಶ್ನೆ ಅಷ್ಟು ನೇರವಾಗಿಲ್ಲವೆಂದು ನನಗೆ ತೋರಿತು. ಈ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ.

ಐದು ವಾರಗಳ ಆಟ

ಮೊದಲು 1982ಕ್ಕೆ ಹೋಗೋಣ. ಸ್ಟೀವನ್ ಸ್ಪೀಲ್‌ಬರ್ಗ್‌ನ ‘ಇ.ಟಿ.’ ಚಲನಚಿತ್ರ ಆ ವರ್ಷ ಜಗತ್ತನ್ನೇ ಗೆದ್ದಿತ್ತು. ಅಟಾರಿ ಕಂಪನಿ ಅದರ ವಿಡಿಯೋ ಗೇಮ್ ಹಕ್ಕುಗಳನ್ನು ಭಾರೀ ಮೊತ್ತಕ್ಕೆ ಪಡೆಯಿತು. ಮಾತುಕತೆ ಮುಗಿಯುವಾಗ ಜುಲೈ ಕೊನೆಯಾಗಿತ್ತು. ಕ್ರಿಸ್‌ಮಸ್ ಮಾರಾಟಕ್ಕೆ ಕಾರ್ಟ್ರಿಜ್‌ಗಳು ಅಂಗಡಿ ತಲುಪಬೇಕಾದರೆ ಸೆಪ್ಟೆಂಬರ್ ಮೊದಲ ದಿನಕ್ಕೆ ಆಟ ಸಿದ್ಧವಾಗಬೇಕಿತ್ತು. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಸುಮಾರು ಐದು ವಾರಗಳಲ್ಲಿ ಅದನ್ನು ಬರೆದು ಮುಗಿಸಿದರು. ಅದುವರೆಗೆ ಇಂಥ ಆಟವೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ವಾರ್ಷಾ ಅವರು ಸಾಮಾನ್ಯರಲ್ಲ. ‘ಯಾರ್ಸ್ ರಿವೆಂಜ್’ನಂಥ ಜನಪ್ರಿಯ ಆಟವನ್ನು ಮಾಡಿದವರು. ಆದರೆ ಆಡುವವರ ಕೈಗೆ ಕೊಟ್ಟು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿ ತಿದ್ದಲು ಈ ಬಾರಿ ಸಮಯವಿರಲಿಲ್ಲ.

ಆಟದೊಳಗಿನ ಇ.ಟಿ. ಹೆಜ್ಜೆ ಹೆಜ್ಜೆಗೂ ಗುಂಡಿಗೆ ಬೀಳುತ್ತಿತ್ತು. ಮೇಲೆ ಬಂದೊಡನೆ ಮತ್ತೆ ಬೀಳುತ್ತಿತ್ತು. ಮಕ್ಕಳು ಬೇಸತ್ತು ಬಿಟ್ಟರು. ತಯಾರಾದ ಸುಮಾರು 40 ಲಕ್ಷ ಕಾರ್ಟ್ರಿಜ್‌ಗಳಲ್ಲಿ ಬಹುಪಾಲು ಮಾರಾಟವಾಗಲಿಲ್ಲ, ಇಲ್ಲವೇ ಹಿಂದಿರುಗಿ ಬಂದವು. 1983ರಲ್ಲಿ ಅಟಾರಿ ತನ್ನ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಿತು. ಎಷ್ಟೋ ಜನ ಇದನ್ನು ಕಟ್ಟುಕಥೆಯೆಂದೇ ತಿಳಿದಿದ್ದರು. 2014ರ ಏಪ್ರಿಲ್‌ನಲ್ಲಿ ಆ ನೆಲವನ್ನು ಅಗೆದಾಗ ಇತರ ಆಟಗಳ ಜೊತೆಗೆ ‘ಇ.ಟಿ.’ಯ ಕಾರ್ಟ್ರಿಜ್‌ಗಳೂ ಮೇಲೆ ಬಂದವು. ಆಟದಲ್ಲಿ ಗುಂಡಿಗೆ ಬೀಳುತ್ತಿದ್ದ ಇ.ಟಿ.ಯನ್ನು ಕೊನೆಗೂ ಯಾರೋ ಗುಂಡಿಯಿಂದ ಎತ್ತಿದಂತಾಯಿತು.

ಅಮೆರಿಕದ ಮನೆಬಳಕೆಯ ವಿಡಿಯೋ ಗೇಮ್ ಉದ್ಯಮ 1983ರಲ್ಲಿ ಕುಸಿದದ್ದಕ್ಕೆ ಇದೊಂದೇ ಕಾರಣವಲ್ಲ. ಆದರೆ ಮುಂದಿನ ಕಥೆಗಳಿಗೆಲ್ಲ ಇದು ಮಾದರಿಯಾಯಿತು: ಮೊದಲು ದಿನಾಂಕ ನಿಗದಿಯಾಯಿತು, ಆಮೇಲೆ ಆ ದಿನಾಂಕದೊಳಗೆ ಆಟವನ್ನು ತುರುಕಲಾಯಿತು. ಕಾರ್ಟ್ರಿಜ್‌ನ ಚಿಪ್ಪಿನಲ್ಲಿ ಅಚ್ಚಾದದ್ದನ್ನು ಮಾರಾಟದ ನಂತರ ತಿದ್ದುವ ದಾರಿ ಆಗ ಇರಲಿಲ್ಲ. ಕೊಳ ತೋಡುವ ಅವಕಾಶವೇ ಇಲ್ಲದ ಗೋಪುರ ಅದು.

ತಪ್ಪಾಗಿ ಓದಿದ ಒಂದು ಪ್ರಬಂಧ

ಹೇಳಿದ ದಿನಕ್ಕೆ, ಹೇಳಿದ ಹಣದಲ್ಲಿ, ಹೇಳಿದಂತೆ ಕೆಲಸ ಮಾಡುವ ತಂತ್ರಾಂಶ ಏಕೆ ಸಿಗುವುದಿಲ್ಲ ಎಂಬ ಚಿಂತೆ ಆಟಗಳಿಗಿಂತ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಆಶ್ರಯದಲ್ಲಿ ನಡೆದ ಸಮ್ಮೇಳನ ಇದನ್ನೇ ‘ತಂತ್ರಾಂಶದ ಬಿಕ್ಕಟ್ಟು’ ಎಂದು ಚರ್ಚಿಸಿತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರ್ ದೊಡ್ಡ ತಂತ್ರಾಂಶಗಳ ನಿರ್ವಹಣೆಯ ಬಗ್ಗೆ ಒಂದು ಪ್ರಬಂಧ ಬರೆದರು. ಅಗತ್ಯಗಳ ಪಟ್ಟಿ, ವಿಶ್ಲೇಷಣೆ, ವಿನ್ಯಾಸ, ಕೋಡ್, ಪರೀಕ್ಷೆ, ಬಳಕೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಚಿತ್ರ ಅದರಲ್ಲಿತ್ತು. ಆ ಚಿತ್ರಕ್ಕೆ ಮುಂದೆ ‘ವಾಟರ್‌ಫಾಲ್’ ಎಂಬ ಹೆಸರು ಬಂತು. ಅದೇ ದಶಕಗಳ ಕಾಲ ಗುತ್ತಿಗೆಗಳ, ಟೆಂಡರ್‌ಗಳ ವೇದವಾಯಿತು.

ಸಾಹಿತ್ಯದ ವಿದ್ಯಾರ್ಥಿಗೆ ಪರಿಚಿತವಾದ ಒಂದು ವಿಪರ್ಯಾಸ ಇಲ್ಲಿದೆ. ರಾಯ್ಸ್ ಆ ಚಿತ್ರವನ್ನು ಬರೆದದ್ದು ಅದರ ಅಪಾಯವನ್ನು ತೋರಿಸುವುದಕ್ಕೆ. ಪರೀಕ್ಷೆಯೆಂಬುದು ಕೊನೆಯ ಮೆಟ್ಟಿಲಾದರೆ, ಅಲ್ಲಿ ಸಿಕ್ಕ ತಪ್ಪು ಮೊದಲ ಮೆಟ್ಟಿಲಿಗೇ ಮರಳಿ ಕಳಿಸಬಹುದು, ಆಗ ಎಲ್ಲವನ್ನೂ ಹೊಸದಾಗಿ ಮಾಡಬೇಕಾದೀತು ಎಂಬುದು ಅವರ ಎಚ್ಚರಿಕೆ. ಹೊಸ ಬಗೆಯ ಕೆಲಸವಾದರೆ ಮೊದಲೊಂದು ಕಿರುರೂಪವನ್ನು ಕಟ್ಟಿ ನೋಡಿ, ಎರಡನೆಯದನ್ನು ಗಿರಾಕಿಗೆ ಕೊಡಿ ಎಂದೂ ಅವರು ಹೇಳಿದ್ದರು. ಓದುಗರು ಚಿತ್ರವನ್ನು ಮಾತ್ರ ನೋಡಿ ಮುಂದಿನ ಪುಟಗಳನ್ನು ಬಿಟ್ಟರು. ಗ್ರಂಥವನ್ನು ಓದದೆ ಮುಖಪುಟವನ್ನು ಪೂಜಿಸುವುದು ಸಾಹಿತ್ಯ ಲೋಕದಲ್ಲಷ್ಟೇ ನಡೆಯುವುದಿಲ್ಲ.

1975ರಲ್ಲಿ ಫ್ರೆಡರಿಕ್ ಬ್ರೂಕ್ಸ್ ಅವರು ಐಬಿಎಂ ಅನುಭವದಿಂದ ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಇನ್ನೊಂದು ಸತ್ಯವನ್ನು ಸೇರಿಸಿತು. ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕೆಲಸ ತಿಳಿಸಲು ಹಳಬರ ಸಮಯ ಹೋಗುತ್ತದೆ. ಪರಸ್ಪರ ಮಾತಾಡಬೇಕಾದ ಜೋಡಿಗಳ ಸಂಖ್ಯೆ ಬೆಳೆಯುತ್ತದೆ.

ಬೆಂಗಳೂರಿನ ಐದನೆಯ ಮೆಟ್ಟಿಲು

ಈ ಕಥೆಯೊಳಗೆ ಕರ್ನಾಟಕ ಬರುವುದು ಇಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಊರಿನ ಚಹರೆ ಬದಲಾಗತೊಡಗಿತು. ಅದೇ ಕಾಲದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ವಾಟ್ಸ್ ಹಂಫ್ರಿಯವರ ನೇತೃತ್ವದಲ್ಲಿ ತಂತ್ರಾಂಶ ಸಂಸ್ಥೆಗಳ ಪಕ್ವತೆಯನ್ನು ಅಳೆಯುವ ಐದು ಹಂತಗಳ ಒಂದು ಮಾದರಿ ರೂಪುಗೊಂಡಿತು. ಅದೇ ಸಿಎಂಎಂ. ಮೊದಲ ಹಂತದಲ್ಲಿ ಎಲ್ಲವೂ ವ್ಯಕ್ತಿಗಳ ಸಾಹಸದ ಮೇಲೆ ನಡೆಯುತ್ತದೆ. ಐದನೆಯದರಲ್ಲಿ ಪ್ರತಿ ದೋಷವೂ ಎಣಿಕೆಗೆ ಸಿಕ್ಕಿ, ಅದರ ಮೂಲ ಹುಡುಕಿ, ಮುಂದೆ ಹುಟ್ಟದಂತೆ ತಡೆಯುವ ಕ್ರಮವಿರುತ್ತದೆ. 1993ರಲ್ಲಿ ಬೆಂಗಳೂರಿನ ಮೋಟೊರೋಲಾ ಇಂಡಿಯಾ ಎಲೆಕ್ಟ್ರಾನಿಕ್ಸ್ ಸಂಸ್ಥೆ ಈ ಐದನೆಯ ಹಂತವನ್ನು ಮುಟ್ಟಿತು. ಅದಕ್ಕೆ ಮುಂಚೆ ಆ ಹಂತ ಮುಟ್ಟಿ ಹೆಸರಾದದ್ದು ಅಮೆರಿಕದ ಬಾಹ್ಯಾಕಾಶ ನೌಕೆಗೆ ತಂತ್ರಾಂಶ ಬರೆಯುತ್ತಿದ್ದ ಐಬಿಎಂ ತಂಡ. ಶತಮಾನದ ಕೊನೆಯ ಹೊತ್ತಿಗೆ ಜಗತ್ತಿನ ‘ಲೆವೆಲ್ ಫೈವ್’ ಸಂಸ್ಥೆಗಳಲ್ಲಿ ದೊಡ್ಡ ಪಾಲು ಭಾರತದವೇ ಆಗಿದ್ದವು.

ಇದು ನಿಜವಾದ ಸಾಧನೆ. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಈ ಶಿಸ್ತು ಹೊಂದುವುದು, ಏನು ಬೇಕೆಂದು ಮೊದಲೇ ಬರೆದಿಡಬಹುದಾದ ಕೆಲಸಗಳಿಗೆ. ದೂರವಾಣಿ ವಿನಿಮಯ ಕೇಂದ್ರವೊಂದು ಕರೆಯನ್ನು ಹೇಗೆ ಜೋಡಿಸಬೇಕು ಎಂಬುದನ್ನು ನೂರು ಪುಟಗಳಲ್ಲಿ ಬರೆಯಬಹುದು. ಬರೆದಂತೆ ಆಗಿದೆಯೇ ಎಂದು ಪರೀಕ್ಷಿಸಬಹುದು. ಆಟದ ಮೊದಲ ಅಗತ್ಯವೆಂದರೆ ಆಡುವವನಿಗೆ ಖುಷಿಯಾಗಬೇಕು ಎಂಬುದು. ಅದನ್ನು ಯಾವ ಪುಟದಲ್ಲಿ ಬರೆಯುವುದು? ಜಿಗಿತದ ಎತ್ತರ ಬರೆದಂತೆಯೇ ಇರಬಹುದು, ಬಾಗಿಲು ತೆರೆಯುವ ವೇಗ ಲೆಕ್ಕದಂತೆಯೇ ಇರಬಹುದು. ಆದರೂ ಆಟ ಸಪ್ಪೆಯಾಗಿರಬಹುದು. ಪಾಕಶಾಸ್ತ್ರದ ಪುಸ್ತಕದಂತೆಯೇ ಮಾಡಿದ ಹುಳಿ ಬಾಯಿಗೆ ಹಿಡಿಸದೆ ಹೋಗುವಂತೆ. ಹುಳಿಯನ್ನು ಕುದಿಯುವಾಗಲೇ ರುಚಿ ನೋಡಬೇಕು. ಎಲೆಗೆ ಬಡಿಸಿದ ಮೇಲೆ ನೋಡಿದರೆ ಮಾಡುವುದೇನೂ ಉಳಿದಿರುವುದಿಲ್ಲ.

ಕುದಿಯುವಾಗ ರುಚಿ ನೋಡಿದವರು

ಹಾಗೆ ರುಚಿ ನೋಡಿದವರ ಪ್ರಸಿದ್ಧ ಉದಾಹರಣೆ ವಾಲ್ವ್ ಕಂಪನಿಯ ‘ಹಾಫ್-ಲೈಫ್’. 1997ರ ಕೊನೆಗೆ ಬರಬೇಕಿದ್ದ ಆಟವದು. ಆದರೆ ಕೂತು ಆಡಿ ನೋಡಿದಾಗ ತಂಡಕ್ಕೇ ಅದು ಹಿಡಿಸಲಿಲ್ಲ. ಅವರು ಹೆಚ್ಚುಕಡಿಮೆ ಎಲ್ಲವನ್ನೂ ಪಕ್ಕಕ್ಕಿಟ್ಟು ಮತ್ತೆ ಆರಂಭಿಸಿದರು. ಮೊದಲು ಒಂದೇ ಒಂದು ಚಿಕ್ಕ ಭಾಗವನ್ನು, ಆಡಲು ನಿಜವಾಗಿ ಖುಷಿಯಾಗುವವರೆಗೆ ತಿದ್ದಿದರು. ಆಮೇಲೆ ಬೇರೆ ಬೇರೆ ಕೌಶಲಗಳ ಕೆಲವರ ಪುಟ್ಟ ಕೂಟ ಮಾಡಿಕೊಂಡು ಉಳಿದ ಭಾಗಗಳನ್ನು ಕಟ್ಟಿದರು. ಹೊರಗಿನ ಆಟಗಾರರನ್ನು ಕರೆದು ಕೂರಿಸಿ, ಹಿಂದೆ ನಿಂತು, ಒಂದು ಮಾತೂ ಆಡದೆ, ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆಂದು ಬರೆದುಕೊಂಡರು. ಮಾತಾಡಬಾರದು ಎಂಬ ನಿಯಮವೇ ಇದರ ಜೀವಾಳ. ಆಟ ಮನೆಗೆ ಹೋದ ಮೇಲೆ ವಿವರಿಸಲು ಅಲ್ಲಿ ಯಾರೂ ಇರುವುದಿಲ್ಲವಷ್ಟೆ. 1998ರ ನವೆಂಬರ್‌ನಲ್ಲಿ ಬಂದ ಆಟ ಈ ಕ್ಷೇತ್ರದ ಮೈಲಿಗಲ್ಲಾಯಿತು.

ಅದೇ ಕಾಲದ ‘ಡೈಕಟಾನ’ದ ಕಥೆ ಬೇರೆ. ‘ಡೂಮ್’ ಖ್ಯಾತಿಯ ಜಾನ್ ರೊಮೆರೊ ಅದನ್ನು 1997ರ ಕ್ರಿಸ್‌ಮಸ್‌ಗೆ ತರುವುದಾಗಿ ಹೇಳಿದ್ದರು. ನಡುವೆ ಆಟದ ಆಧಾರವಾದ ಎಂಜಿನ್ ಬದಲಾಯಿತು; ತಂಡದ ಹಲವರು ಬಿಟ್ಟುಹೋದರು; ಆಟ ಬಂದದ್ದು 2000ದಲ್ಲಿ, ಎಲ್ಲರ ನಗೆಗೀಡಾಗಿ. ಎರಡೂ ತಡವಾದ ಆಟಗಳೇ. ಒಂದು ತಡವಾದದ್ದು ನೋಡಿ, ತಿಳಿದು, ತಿದ್ದಿದ್ದರಿಂದ. ಇನ್ನೊಂದು ತಡವಾದದ್ದು ಬುಡವೇ ಅಲುಗಾಡುತ್ತಿದ್ದುದರಿಂದ. ತಡವಾದ ಮಾತ್ರಕ್ಕೆ ಆಟ ಚೆನ್ನಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

2002ರಲ್ಲಿ ಮಾರ್ಕ್ ಸೆರ್ನಿ ಎಂಬ ಆಟಗಳ ವಿನ್ಯಾಸಕಾರ ಈ ಅನುಭವಗಳಿಗೆ ಒಂದು ಸೂತ್ರರೂಪ ಕೊಟ್ಟರು. ಆಟದ ತಯಾರಿಯ ಪೂರ್ವಭಾಗಕ್ಕೆ ವೇಳಾಪಟ್ಟಿ ಹಾಕಲಾಗದು, ಏಕೆಂದರೆ ಅದು ಹುಡುಕಾಟ. ಬಿಡುಗಡೆಗೆ ಯೋಗ್ಯವಾದ ಮಟ್ಟದಲ್ಲಿ ಒಂದು ಸಣ್ಣ ಭಾಗ ತಯಾರಾದ ಮೇಲಷ್ಟೇ ನಿಜವಾದ ಉತ್ಪಾದನೆ ಶುರುವಾಗಬೇಕು. ಅದು ಚೆನ್ನಾಗಿ ಬರದಿದ್ದರೆ ಯೋಜನೆಯನ್ನೇ ಕೈಬಿಡಬೇಕು. ಉತ್ಪಾದನೆಗೆ ವೇಳಾಪಟ್ಟಿ ಸರಿ, ಹುಡುಕಾಟಕ್ಕೆ ಸಲ್ಲದು ಎಂಬ ಈ ವಿಂಗಡಣೆ ಸರಳವಾಗಿ ಕಂಡರೂ, ಹಣ ಹಾಕುವವರು ಒಪ್ಪಲು ಕಷ್ಟವಾದದ್ದು.

ಅಜೈಲ್ ಬಂತು

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಹದಿನೇಳು ಮಂದಿ ತಂತ್ರಾಂಶ ತಜ್ಞರು ಸೇರಿ ‘ಅಜೈಲ್’ ಪ್ರಣಾಳಿಕೆಯನ್ನು ಬರೆದರು. ದಸ್ತಾವೇಜಿಗಿಂತ ಓಡುವ ತಂತ್ರಾಂಶಕ್ಕೆ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದಕ್ಕೆ ಹೆಚ್ಚು ಬೆಲೆ ಎಂಬುದು ಅದರ ಸಾರ. ಕೆಲಸವನ್ನು ಕೆಲವು ವಾರಗಳ ‘ಸ್ಪ್ರಿಂಟ್’ಗಳಾಗಿ ಕತ್ತರಿಸಿ, ಪ್ರತಿಯೊಂದರ ಕೊನೆಗೂ ಓಡುವ ಏನನ್ನಾದರೂ ತೋರಿಸುವ ‘ಸ್ಕ್ರಮ್’ ಆಟಗಳ ತಂಡಗಳಿಗೂ ಬಂತು. ಕ್ಲಿಂಟನ್ ಕೀತ್ ಅವರು ಹೈ ಮೂನ್ ಸ್ಟುಡಿಯೋಸ್‌ನಲ್ಲಿ ಇದನ್ನು ಬಳಸಿ, 2010ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದರು.

ಪದ್ಧತಿಯ ಹೆಸರು ಬದಲಾದರೂ ಕೊನೆಯ ತಿಂಗಳುಗಳ ನಿದ್ದೆಗೇಡು ಬದಲಾಗಲಿಲ್ಲ. ಉದ್ಯಮ ಅದಕ್ಕೆ ‘ಕ್ರಂಚ್’ ಎಂಬ ಹೆಸರಿಟ್ಟಿದೆ. 2004ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಉದ್ಯೋಗಿಯೊಬ್ಬರ ಸಂಗಾತಿ ‘ಇಎ ಸ್ಪೌಸ್’ ಎಂಬ ಗುಪ್ತನಾಮದಲ್ಲಿ ಬರೆದ ಪತ್ರ ಈ ಬವಣೆಯನ್ನು ಲೋಕಕ್ಕೆ ತೋರಿಸಿತು. ಕಂಪನಿ ಮುಂದೆ ಕಲಾವಿದರಿಗೂ ಪ್ರೋಗ್ರಾಮರ್‌ಗಳಿಗೂ ಒಟ್ಟು 3 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಟ್ಟು ಮೊಕದ್ದಮೆಗಳನ್ನು ಇತ್ಯರ್ಥಪಡಿಸಿಕೊಂಡಿತು.

ತಂಡಗಳು ಆಟ ಮುಗಿದ ಮೇಲೆ ತಮ್ಮ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬರೆದುಕೊಳ್ಳುವ ‘ಪೋಸ್ಟ್‌ಮಾರ್ಟಂ’ ಎಂಬ ಸಂಪ್ರದಾಯ ಈ ಕ್ಷೇತ್ರದಲ್ಲಿದೆ. ಬ್ರೆಜಿಲ್‌ನ ಸಂಶೋಧಕರು ಅಂಥ 20 ಬರಹಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಲೆ ಬಂದ ತೊಂದರೆಗಳು ಎರಡು: ಶಕ್ತಿಗೆ ಮೀರಿದ ವ್ಯಾಪ್ತಿ, ಮತ್ತು ನಡುವೆ ನಡುವೆ ಸೇರುತ್ತಲೇ ಹೋಗುವ ಹೊಸ ಹೊಸ ಅಂಶಗಳು. 2016ರ ಇನ್ನೊಂದು ಅಧ್ಯಯನದ ಪ್ರಕಾರ ಕನಿಷ್ಠ 65 ಶೇಕಡಾ ಯೋಜನೆಗಳು ಮತ್ತೆ ಮತ್ತೆ ಮಾಡಿ ನೋಡುವ ಪದ್ಧತಿಗೆ ಬಂದಿದ್ದವು. ಆದರೂ ಕನಿಷ್ಠ 30 ಶೇಕಡಾ ಹಳೆಯ ವಾಟರ್‌ಫಾಲ್‌ನಲ್ಲೇ ಇದ್ದವು. ಅಂದರೆ ಪದ್ಧತಿ ಹೊಸದಾಗುತ್ತಿತ್ತು. ಅತಿಯಾಸೆ ಹಳೆಯದೇ ಆಗಿತ್ತು. ಅಜೈಲ್ ಪದ್ಧತಿ ಬದಲಾವಣೆಯನ್ನು ಸ್ವಾಗತಿಸುತ್ತದೆ ಎಂಬುದನ್ನೇ ನೆಪ ಮಾಡಿಕೊಂಡು ಕೊನೆಯವರೆಗೂ ಹೊಸದನ್ನು ಸೇರಿಸುತ್ತಾ ಹೋದರೆ, ಅದು ಬುಡ ಅಗಲಿಸದೆ ಅಂತಸ್ತು ಏರಿಸಿದಂತೆ.

ಸ್ವೀಡನ್ನಿನ ಆಟ, ಬೆಂಗಳೂರಿನ ಒಡೆತನ

ಇನ್ನು ನಮ್ಮೂರಿನ ಕಥೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದಾಗ ಭಾರತದಲ್ಲಿ ಆಟಗಳ ಉದ್ಯಮವೆಂಬುದೇ ಇರಲಿಲ್ಲ. ಫ್ರಾನ್ಸಿನ ಇನ್ಫೋಗ್ರಾಮ್ಸ್‌ನ ‘ಮಿಷನ್: ಇಂಪಾಸಿಬಲ್’ ಆಟದ ಪಿಸಿ ಆವೃತ್ತಿಯ ಕೆಲಸ ಧ್ರುವಕ್ಕೆ ಬಂತು, ಆ ಆವೃತ್ತಿ ಮಾರುಕಟ್ಟೆಯನ್ನು ಕಾಣಲಿಲ್ಲ. ಮುಂದೆ ಸಂಸ್ಥೆ ವಿದೇಶಿ ಆಟಗಳಿಗೆ ಮೂರು ಆಯಾಮದ ಚಿತ್ರಗಳನ್ನು ಮಾಡಿಕೊಡುವುದರಲ್ಲಿ ಹೆಸರು ಮಾಡಿತು. ‘ಫೋರ್ಜಾ’ ಸರಣಿಯ ಕಾರುಗಳನ್ನು ಆಡಿದವರು ಧ್ರುವದ ಕಲಾವಿದರ ಕೈಕೆಲಸವನ್ನು ಕಂಡಿದ್ದಾರೆ. ಈ ಬಗೆಯ ಹೊರಗುತ್ತಿಗೆಗೆ ಬೆಂಗಳೂರಿನ ಪ್ರಕ್ರಿಯಾಶಿಸ್ತು ಚೆನ್ನಾಗಿಯೇ ಹೊಂದಿಕೊಂಡಿತು: ಕಾರು ಹೇಗಿರಬೇಕೆಂದು ಬರೆದುಕೊಡಬಹುದು, ಬಂದದ್ದನ್ನು ಅಳೆದು ನೋಡಬಹುದು.

ಆ ಬಳಿಕ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವದ ಬಹುಪಾಲನ್ನು ಸುಮಾರು 85 ಲಕ್ಷ ಡಾಲರ್‌ಗೆ ಕೊಂಡಿತು. ಅದೇ ಸ್ಟಾರ್‌ಬ್ರೀಜ್ 2014ರಲ್ಲಿ ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಎಂಬ ಆಟವನ್ನು ಘೋಷಿಸಿತ್ತು. ಬರಬೇಕಾಗಿದ್ದುದು 2016ರಲ್ಲಿ. ಅದು 2017ಕ್ಕೆ, ಮತ್ತೆ 2018ಕ್ಕೆ ಹೋಯಿತು. ಇದಕ್ಕೆಂದು ಕೊಂಡಿದ್ದ ‘ವಲ್ಹಾಲಾ’ ಎಂಬ ಎಂಜಿನ್ ಕೈಕೊಟ್ಟಿದ್ದರಿಂದ ತಂಡ ‘ಅನ್‌ರಿಯಲ್’ ಎಂಜಿನ್‌ಗೆ ಬದಲಾಗಿ, ಉಳಿದ ಅಲ್ಪ ಕಾಲದಲ್ಲಿ ಆಟವನ್ನು ಮರಳಿ ಕಟ್ಟಬೇಕಾಯಿತು. ‘ಡೈಕಟಾನ’ದ ಪಾಠವನ್ನು ಯಾರೂ ಓದಿದಂತಿರಲಿಲ್ಲ. 2018ರ ನವೆಂಬರ್‌ನಲ್ಲಿ ಆಟ ಹೊರಬಂದಾಗ ವಿಮರ್ಶಕರೂ ಆಟಗಾರರೂ ತಿರಸ್ಕರಿಸಿದರು. ಒಂದು ತಿಂಗಳೊಳಗೆ, ಡಿಸೆಂಬರ್ ಮೊದಲ ವಾರದಲ್ಲೇ, ಸ್ಟಾರ್‌ಬ್ರೀಜ್ ನ್ಯಾಯಾಲಯದ ಮುಂದೆ ಪುನರ್ರಚನೆಗೆ ಅರ್ಜಿ ಹಾಕಿತು. 2019ರ ಫೆಬ್ರವರಿಯಲ್ಲಿ ‘ವಾಕಿಂಗ್ ಡೆಡ್’ ಹಕ್ಕುದಾರರು ಗುಣಮಟ್ಟದ ಕಾರಣ ಕೊಟ್ಟು ಒಪ್ಪಂದ ಮುರಿದರು. ಮೇ ತಿಂಗಳಲ್ಲಿ ಸ್ಟಾರ್‌ಬ್ರೀಜ್ ಧ್ರುವದಲ್ಲಿದ್ದ ತನ್ನ ಪಾಲನ್ನು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಧ್ರುವದ 300ಕ್ಕೂ ಹೆಚ್ಚು ಮಂದಿ, ಬೆಂಗಳೂರಿನಲ್ಲಿ ಮೊದಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದ ಭಾಗವಾದರು.

ಸ್ಟಾಕ್‌ಹೋಮ್‌ನಲ್ಲಿ ಎಂಜಿನ್ ಆಯ್ಕೆಯೊಂದು ಕೆಟ್ಟಿತು. ಬೆಂಗಳೂರಿನಲ್ಲಿ ಮುನ್ನೂರು ಸಂಸಾರಗಳ ಯಜಮಾನರು ಬದಲಾದರು. ಬಿಡುಗಡೆಯ ದಿನದ ಗುಣಮಟ್ಟವೆಂಬುದು ಕೇವಲ ಆಟಗಾರರ ಗೊಣಗಾಟದ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಹಾಗಾದರೆ ದೊಡ್ಡ ಕಂಪನಿಯ ನೆರಳು ಸೇರಿದರೆ ಕ್ಷೇಮವೇ? ಅದೇ ರಾಕ್‌ಸ್ಟಾರ್ ತನ್ನ ‘ರೆಡ್ ಡೆಡ್ ರಿಡೆಂಪ್ಷನ್ 2’ನ್ನು 2017ರಿಂದ ಎರಡು ಬಾರಿ ಮುಂದೂಡಿ 2018ರ ಅಕ್ಟೋಬರ್‌ನಲ್ಲಿ ತಂದಾಗ ಲೋಕ ಕೊಂಡಾಡಿತು, ಅದರ ಹಿಂದಿನ ದೀರ್ಘ ದುಡಿಮೆಯ ಬಗ್ಗೆ ವಿವಾದವೂ ಎದ್ದಿತು. 2021ರ ನವೆಂಬರ್‌ನಲ್ಲಿ, ಗ್ರೋವ್ ಸ್ಟ್ರೀಟ್ ಗೇಮ್ಸ್ ಎಂಬ ಸಣ್ಣ ತಂಡ ಸಿದ್ಧಪಡಿಸಿದ ಹಳೆಯ ಮೂರು ಜಿಟಿಎ ಆಟಗಳ ಹೊಸ ರೂಪ ಅದೇ ಹೆಸರಿನಡಿ ಬಂದಾಗ ದೋಷಗಳ ರಾಶಿಯೇ ಕಂಡು, ಕಂಪನಿ ಕ್ಷಮೆ ಕೇಳಬೇಕಾಯಿತು. ಮುದ್ರೆ ಒಂದೇ, ಕೊಟ್ಟ ಸಮಯ, ಗಮನ ಬೇರೆ.

ಕೊಳ ತೋಡುವ ಕಾಲ

ಇಷ್ಟರಲ್ಲಿ ‘ಬಿಡುಗಡೆ’ ಎಂಬ ಪದದ ಅರ್ಥವೇ ಬದಲಾಗಿತ್ತು. 2003ರಲ್ಲಿ ವಾಲ್ವ್‌ನ ‘ಸ್ಟೀಮ್’, 2005-06ರಲ್ಲಿ ಅಂತರ್ಜಾಲಕ್ಕೆ ಜೋಡಿಸಿದ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಬಂದ ಮೇಲೆ ಮಾರಿದ ಆಟವನ್ನು ಮನೆಯಲ್ಲಿದ್ದಂತೆಯೇ ತಿದ್ದಬಹುದಾಯಿತು. ಇದೊಂದು ವರ. ಆದರೆ ತಿದ್ದಬಹುದು ಎಂಬ ಧೈರ್ಯದಿಂದಲೇ ತಿದ್ದದೆ ಕಳಿಸುವ ಚಾಳಿಯೂ ಬೆಳೆಯಿತು.

ಅದರ ಪರಾಕಾಷ್ಠೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ‘ಸೈಬರ್‌ಪಂಕ್ 2077’. 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ನವೆಂಬರ್‌ಗೆ, ಕೊನೆಗೆ ಡಿಸೆಂಬರ್ 10ಕ್ಕೆ ಅದು ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕುಂಟಿತೆಂದರೆ, ಒಂದೇ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ಸಂಸ್ಥೆಯ ಸಹಸಂಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ ಜನವರಿಯಲ್ಲಿ ಕ್ಷಮೆ ಕೇಳುತ್ತಾ, ಆಟಗಾರರು ಕಂಡ ದೋಷಗಳಲ್ಲಿ ಬಹಳಷ್ಟು ತಮ್ಮ ಪರೀಕ್ಷೆಯಲ್ಲಿ ಕಾಣಲಿಲ್ಲವೆಂಬ ಅರ್ಥದ ಮಾತನ್ನಾಡಿದರು. ಕೆಲವೇ ದಿನಗಳಲ್ಲಿ ಬಂದ ಬ್ಲೂಮ್‌ಬರ್ಗ್ ವರದಿಯಲ್ಲಿ, ಅಲ್ಲಿ ಕೆಲಸ ಮಾಡಿದವರು ದೋಷಗಳು ಕಂಡಿದ್ದವು, ತಿದ್ದಲು ಸಮಯವಿರಲಿಲ್ಲ ಎಂದರು. ನನ್ನ ಅಕ್ಕನ ಮಗನ ಮುಖ ನೆನಪಾಯಿತು.

ಆ ವರ್ಷದ ಮಾರ್ಚ್‌ನಲ್ಲಿ ಸಂಸ್ಥೆ ತನ್ನ ಕೆಲಸದ ಕ್ರಮವನ್ನೇ ಬದಲಿಸಿ, ಬೇರೆ ಬೇರೆ ಕೌಶಲಗಳವರು ಕೂಡಿ ದುಡಿಯುವ ಅಜೈಲ್ ತಂಡಗಳನ್ನು ರಚಿಸುವುದಾಗಿ ಘೋಷಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಪ್ಯಾಚ್ ಮತ್ತು ವಿಸ್ತರಣೆಯೊಡನೆ ಆಟ ತಲೆಯೆತ್ತಿ ನಿಂತಿತು. ಗೋಪುರ ನೆಟ್ಟಗಾಯಿತು, ಕೊಳ ತೋಡಲು ಹಿಡಿದದ್ದು ಸುಮಾರು ಮೂರು ವರ್ಷ.

ಯಾರು ‘ಇನ್ನೂ ಆಗಿಲ್ಲ’ ಎನ್ನಬೇಕು?

ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು. ಪದ್ಧತಿ ಮಾಡುವ ದೊಡ್ಡ ಕೆಲಸವೆಂದರೆ ಕೆಟ್ಟ ಸುದ್ದಿಯನ್ನು ಬೇಗ ತರುವುದು. ವಾಟರ್‌ಫಾಲ್‌ನಲ್ಲಿ ಅದು ಕೊನೆಯ ಮೆಟ್ಟಿಲಲ್ಲಿ ಬರುತ್ತದೆ. ಅಜೈಲ್ ಚೆನ್ನಾಗಿ ನಡೆದರೆ ಎರಡು ಮೂರು ವಾರಗಳಲ್ಲೇ ಬರುತ್ತದೆ. ಅಷ್ಟರ ಮಟ್ಟಿಗೆ ಎರಡನೆಯದೇ ಮೇಲು, ಆಟಗಳ ಮಟ್ಟಿಗಂತೂ ನಿಸ್ಸಂಶಯವಾಗಿ. ಆದರೆ ಸುದ್ದಿ ಬಂದ ಮೇಲೆ ಏನು ಮಾಡಬೇಕೆಂದು ಯಾವ ಪದ್ಧತಿಯೂ ತೀರ್ಮಾನಿಸದು. ಆಗ ಉಳಿಯುವ ದಾರಿಗಳು ಮೂರೇ: ದಿನಾಂಕ ಮುಂದೂಡುವುದು, ಆಟವನ್ನು ಕಿರಿದು ಮಾಡುವುದು, ಇಲ್ಲವೇ ಗೊತ್ತಿದ್ದೂ ಕಳಿಸುವುದು. ಮೊದಲೆರಡನ್ನು ಆರಿಸುವ ಅಧಿಕಾರ ಆಟವನ್ನು ದಿನವೂ ಆಡಿ ನೋಡುವವರ ಕೈಯಲ್ಲಿ ಎಷ್ಟಿದೆ ಎಂಬುದರ ಮೇಲೆ ಬಿಡುಗಡೆಯ ದಿನದ ಗುಣಮಟ್ಟ ನಿಂತಿದೆ. ವಾಲ್ವ್‌ನಲ್ಲಿ ಆ ಅಧಿಕಾರ ಕಟ್ಟುವವರಲ್ಲೇ ಇತ್ತು. ವಾರ್ಷಾ ಅವರಿಗೆ ಇರಲಿಲ್ಲ.

ಸರ್ಕಾರಿ ನೌಕರನಾದ ನನಗೆ ಇದು ಅಪರಿಚಿತವಲ್ಲ. ಮಾರ್ಚ್ 31 ಎಂದರೇನೆಂದು ಕಡತಗಳ ನಡುವೆ ಬದುಕುವವರಿಗೆ ಗೊತ್ತು. ಅನುದಾನ ಮುಗಿಯುವ ಮೊದಲು ಉದ್ಘಾಟನೆಯಾದ, ಉದ್ಘಾಟನೆಯಾದ ಮೇಲೆ ಕೆಲಸ ಶುರುವಾದ ತಂತ್ರಾಂಶಗಳನ್ನು ನಾನೂ ಬಳಸಿದ್ದೇನೆ. ದಿನಾಂಕವೇ ಬೇಡವೆಂದರೆ ‘ಡೈಕಟಾನ’ವಾದೀತು, ದಿನಾಂಕವೊಂದೇ ಸಾಕೆಂದರೆ ‘ಇ.ಟಿ.’. ಇವೆರಡರ ನಡುವಣ ವಿವೇಕವನ್ನು ಯಾವ ನಕ್ಷೆಯಲ್ಲೂ ಬರೆದಿಡಲಾಗದು.

ನಮ್ಮ ಊರುಗಳ ಸಾವಿರಾರು ಯುವಕ ಯುವತಿಯರು ಈ ಉದ್ಯಮದ ಕೊನೆಯ ಮೆಟ್ಟಿಲಲ್ಲಿ ಕೂತಿದ್ದಾರೆ. ದೋಷವನ್ನು ಮೊದಲು ಕಾಣುವವರು ಅವರು, ಅದರ ಬಗ್ಗೆ ಕೊನೆಯ ಮಾತು ಅವರದಲ್ಲ. ಮೂರು ದಶಕಗಳ ಹಿಂದೆ ಐದನೆಯ ಹಂತವನ್ನು ಮುಟ್ಟಿ ತೋರಿಸಿದ ನೆಲಕ್ಕೆ ಇನ್ನು ಬೇಕಾಗಿರುವುದು, ನಮ್ಮವೇ ಆಟಗಳನ್ನು ನಾವೇ ಕಟ್ಟಿ, “ಇನ್ನೂ ಆಗಿಲ್ಲ” ಎಂದು ಹೇಳುವ ಹಕ್ಕನ್ನು ಗಳಿಸಿಕೊಳ್ಳುವುದು.

ರಜೆ ಮುಗಿಸಿ ಹೊರಟ ದಿನ ಅವನನ್ನು ವಿಜಯವಾಡದ ರೈಲು ನಿಲ್ದಾಣಕ್ಕೆ ಬಿಡಲು ಹೋಗುವಾಗ ಮತ್ತೆ ಗೋಪುರ ಕಂಡಿತು. “ಮಾವ, ವಾಲುತ್ತದೆ ಅಂತ ಕಟ್ಟುವಾಗಲೇ ಯಾರಾದರೊಬ್ಬ ಕೂಲಿಯವನು ಹೇಳಿರುತ್ತಾನೆ, ನೋಡಿ” ಎಂದ. ಊರಿನ ಕಥೆಯಲ್ಲಿ ಕಾಂಚೀಪುರದ ಸ್ಥಪತಿಗಳಿದ್ದಾರೆ, ಕಟ್ಟಿಸಿದ ರಾಜನಿದ್ದಾನೆ. ಆ ಕೂಲಿಯವನು ಮಾತ್ರ ಇಲ್ಲ.